ಒಂದೇ ಹಾಡು, ಬೇರೆ ಕಂಠ: ರಾಕ್ ಆಪೆರಾದ ಗಾಯಕರನ್ನು ನಾನು ಹೋಲಿಸಿ ಕೇಳುವ ಕ್ರಮ

‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಯೇಸುವಿನ ಕೊನೆಯ ದಿನಗಳನ್ನು ಹಾಡುಗಳಲ್ಲೇ ಹೇಳುವ ರಾಕ್ ಆಪೆರಾ. 1970ರಲ್ಲಿ ಹೊರಬಂದಾಗ ಅದು ನಾಟಕವಾಗಿರಲಿಲ್ಲ, ಎರಡು ಎಲ್‌ಪಿಗಳ ಧ್ವನಿಮುದ್ರಿಕೆಯಾಗಿತ್ತು. ಆಂಡ್ರ್ಯೂ ಲಾಯ್ಡ್ ವೆಬ್ಬರ್ ಸಂಗೀತ, ಟಿಮ್ ರೈಸ್ ಸಾಹಿತ್ಯ. 1971ರಲ್ಲಿ ಬ್ರಾಡ್‌ವೇ ರಂಗ ಹತ್ತಿತು, 1973ರಲ್ಲಿ ನಾರ್ಮನ್ ಜೂಯಿಸನ್ ಸಿನಿಮಾ ಮಾಡಿದರು. ಆಮೇಲೆ 1996ರ ಲಂಡನ್ ತಂಡ, 2012ರ ಅರೇನಾ ಪ್ರದರ್ಶನ, 2018ರ ಅಮೆರಿಕದ ಟಿವಿ ನೇರಪ್ರಸಾರ. ಚಿಕ್ಕಮಗಳೂರಿನ ನಮ್ಮ ಕೇಳುಗರ ಗುಂಪಿನಲ್ಲಿ ಚರ್ಚ್ ಗಾಯನವೃಂದದವರಿದ್ದಾರೆ, ಕರ್ನಾಟಕ ಸಂಗೀತ ಕಲಿತವರಿದ್ದಾರೆ. ಯಾರ ಯೇಸು ಮೇಲು, ಅವನಿಗೆ ದ್ರೋಹ ಬಗೆದ ಶಿಷ್ಯ ಯೂದನ ಪಾತ್ರದಲ್ಲಿ ಯಾರು ಮೇಲು ಎಂಬ ಮಾತು ಬಂದಾಗ ನಾನು ಯೇಸು, ಯೂದರಿಂದ ಶುರು ಮಾಡುವುದಿಲ್ಲ. 1970ರ ಮುದ್ರಿಕೆ, 1973ರ ಸಿನಿಮಾ ಎರಡರಲ್ಲೂ ಬದಲಾಗದೆ ಉಳಿದ ಗಾಯಕರನ್ನು ಮೊದಲು ಕೇಳಿಸುತ್ತೇನೆ.

ಮಗ್ದಲದ ಮರಿಯಳಾಗಿ ಇವಾನ್ ಎಲಿಮನ್, ರೋಮನ್ ಅಧಿಪತಿ ಪಿಲಾತನಾಗಿ ಬ್ಯಾರಿ ಡೆನನ್ 1970ರ ಮುದ್ರಿಕೆಯಲ್ಲಿ ಹಾಡಿದರು, ಬ್ರಾಡ್‌ವೇಯಲ್ಲಿ ಹಾಡಿದರು, ಸಿನಿಮಾದಲ್ಲೂ ಅವರೇ. ಕಂಠ ಅದೇ, ಹಾಡು ಅದೇ. ಹಾಗಿದ್ದೂ ಕಿವಿಗೆ ಬೇರೆಯಾಗಿ ಕೇಳುವುದೆಲ್ಲ ವಾದ್ಯ, ಮೈಕು, ಮಿಕ್ಸಿಂಗ್‌ನಿಂದ ಬಂದದ್ದು, ಇಲ್ಲವೇ ನಡುವಿನ ರಂಗಾನುಭವದಿಂದ ಬಂದದ್ದು. 1970ರದ್ದರಲ್ಲಿ ಗಿಟಾರು, ಬಾಸ್, ಡ್ರಮ್ ಮುಂದಿವೆ. ಜೋ ಕಾಕರ್ ಜೊತೆ ನುಡಿಸುತ್ತಿದ್ದ ಗ್ರೀಸ್ ಬ್ಯಾಂಡಿನವರ ಕೈ ಅದು. ಸಿನಿಮಾದಲ್ಲಿ ಆಂದ್ರೆ ಪ್ರೆವಿನ್ ನಡೆಸಿದ ವಾದ್ಯವೃಂದ ಅಗಲವಾಗಿ ಹರಡಿಕೊಂಡಿದೆ. ಎಲಿಮನ್ ಅವರ ‘ಐ ಡೋಂಟ್ ನೋ ಹೌ ಟು ಲವ್ ಹಿಮ್’ ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಈ ಅಂತರ ಎಷ್ಟೆಂದು ಕಿವಿಗೆ ಕೂರುತ್ತದೆ. ಆಮೇಲೆ 1970ರ ಮುದ್ರಿಕೆಯ ಇಯಾನ್ ಗಿಲನ್ ಮತ್ತು ಸಿನಿಮಾದ ಟೆಡ್ ನೀಲಿ ಅವರ ಯೇಸುವನ್ನು ಕೇಳುವಾಗ ಅಷ್ಟನ್ನು ಕಳೆದು ನೋಡಬಹುದು. ಉಳಿದದ್ದು ಗಾಯಕರದ್ದು.

ಡೆನನ್ ಅವರಲ್ಲಿ ನಾನು ಹುಡುಕುವ ಜಾಗ ಪಿಲಾತನ ವಿಚಾರಣೆಯ ಹಾಡಿನಲ್ಲಿದೆ. ಅಲ್ಲಿ ಯೇಸುವಿಗೆ ಬೀಳುವ ಮೂವತ್ತೊಂಬತ್ತು ಛಡಿಯೇಟುಗಳನ್ನು ಒಂದೊಂದಾಗಿ ಎಣಿಸಬೇಕು. ರಾಗವಿಲ್ಲ, ಎಣಿಕೆ ಮಾತ್ರ. ಹಾಗಾಗಿ ‘ಶ್ರುತಿ ಚೆನ್ನಾಗಿದೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಮೊದಲ ಹತ್ತು, ನಡುವಿನ ಇಪ್ಪತ್ತು, ಕೊನೆಯ ಒಂಬತ್ತು ಎಂದು ಭಾಗ ಮಾಡಿಕೊಂಡು, ದನಿ ಎಲ್ಲಿ ಬಿಗಿಯುತ್ತದೆ, ಉಸಿರು ಎಷ್ಟನೆಯ ಏಟಿಗೆ ಕೇಳಿಸತೊಡಗುತ್ತದೆ ಎಂದು ಬರೆದುಕೊಳ್ಳಬೇಕು. ಬೇರೆ ಯಾವ ಪಿಲಾತನನ್ನು ಅಳೆಯಲಿಕ್ಕೂ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಶುರುವಿನಲ್ಲೇ ಕಿರುಚಿದವರಿಗೆ ಮೂವತ್ತರ ಹೊತ್ತಿಗೆ ಏರಲು ಜಾಗ ಉಳಿದಿರುವುದಿಲ್ಲ.

ಕೇಳುವ ಮೊದಲು ಫೈಲುಗಳನ್ನು ಸರಿಮಾಡಿಕೊಳ್ಳಬೇಕು. ಹೋಲಿಕೆಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ, ಪ್ಯಾಲ್ ಎಂಬ ಟಿವಿ ಪದ್ಧತಿಯ ಡಿವಿಡಿ 25ರಲ್ಲಿ. ಶ್ರುತಿ ತಿದ್ದದೆ ಹಾಗೇ ಓಡಿಸಿದ ಡಿವಿಡಿಯಲ್ಲಿ ಹಾಡು ಶೇ 4ರಷ್ಟು ಬೇಗ ಮುಗಿಯುತ್ತದೆ, ಶ್ರುತಿ ಸುಮಾರು 70 ಸೆಂಟ್ ಏರುತ್ತದೆ. ಒಂದು ಸ್ವರಸ್ಥಾನಕ್ಕೆ 100 ಸೆಂಟ್ ಎಂದರೆ ಮುಕ್ಕಾಲಿಗೆ ಹತ್ತಿರ. ಅದನ್ನೇ ಕೇಳಿ ‘ನೀಲಿ ಎಷ್ಟು ಮೇಲೆ ಹೋಗುತ್ತಾರೆ, ದನಿ ಎಷ್ಟು ತೆಳು’ ಎಂದು ತೀರ್ಪು ಕೊಟ್ಟರೆ ಅದು ಯಂತ್ರದ ಬಗೆಗಿನ ತೀರ್ಪು. ಎರಡು ಮನೆ ಶ್ರುತಿಯ (ಪಾಶ್ಚಾತ್ಯರ ಡಿ) ಹಾಡಿಗೆ ಶ್ರುತಿಪೆಟ್ಟಿಗೆ ಹಚ್ಚಿ ನೋಡಿದರೆ ತಿಳಿಯುತ್ತದೆ: ಎರಡು ಮನೆಯೂ ಅಲ್ಲ, ಎರಡೂವರೆಯೂ ಅಲ್ಲ, ನಡುವೆ ನಿಲ್ಲುತ್ತದೆ. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ವೇಗ ಮತ್ತು ಶ್ರುತಿಯನ್ನು ಒಟ್ಟಿಗೆ ಬದಲಿಸುವ ಆಯ್ಕೆಗೆ −4.000 ಕೊಟ್ಟರೆ ಸರಿಹೋಗುತ್ತದೆ. ಯೂಟ್ಯೂಬಿನಲ್ಲಿ ಹಕ್ಕುಸ್ವಾಮ್ಯದ ತಡೆ ತಪ್ಪಿಸಲು ಬೇಕೆಂದೇ ಶ್ರುತಿ ಕದಲಿಸಿ ಹಾಕಿದವೂ ಇರುತ್ತವೆ. ಅವನ್ನು ಬಿಟ್ಟುಬಿಡುವುದು ವಾಸಿ.

ಎರಡನೆಯದು ಗಟ್ಟಿತನ. ಒಂದು ಫೈಲು ಸ್ವಲ್ಪವೇ ಜೋರಾಗಿದ್ದರೂ ಕಿವಿ ಅದನ್ನೇ ‘ಉತ್ತಮ’ ಎನ್ನುತ್ತದೆ. ಆಡಾಸಿಟಿಯಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ಆರಿಸಿ −23 ಎಲ್‌ಯುಎಫ್‌ಎಸ್‌ಗೆ (ಗಟ್ಟಿತನದ ಒಂದು ಅಳತೆ) ಎಲ್ಲವನ್ನೂ ತರುತ್ತೇನೆ. ಆದರೆ ಯೇಸು ಹಾಡುವ ‘ಗೆತ್ಸೆಮನೆ’ಯಂಥ ಹಾಡಿಗೆ ಇಷ್ಟು ಸಾಲದು. ಪಿಸುಮಾತಿನಿಂದ ಶುರುವಾಗಿ ಕೂಗಿಗೆ ಏರುವ ಹಾಡಿನಲ್ಲಿ ಇಡೀ ಹಾಡಿನ ಸರಾಸರಿ ಮೋಸ ಮಾಡುತ್ತದೆ. ಆದ್ದರಿಂದ ಮೊದಲ ಚರಣ ಎರಡರಲ್ಲೂ ಒಂದೇ ಮಟ್ಟಕ್ಕೆ ಕೇಳುವಂತೆ ಕೈಯಾರೆ ಕೂರಿಸುತ್ತೇನೆ. ಆಗ ಯಾರು ಎಷ್ಟು ಏರಿದರು ಎಂಬುದು ನಿಜವಾಗಿ ತಿಳಿಯುತ್ತದೆ. ಜುಲೈ, ಆಗಸ್ಟಿನಲ್ಲಿ ತಗಡಿನ ಮಾಡಿನ ಕೆಳಗೆ ಸ್ಪೀಕರಿನಲ್ಲಿ ಈ ಹಾಡು ಬೇಡ. ಮಳೆಯ ಸದ್ದಿಗೆ ಮೊದಲ ಚರಣ ಮುಳುಗುತ್ತದೆಂದು ವಾಲ್ಯೂಮ್ ಏರಿಸಿದರೆ ಕೂಗಿನ ಹೊತ್ತಿಗೆ ಕಿವಿ ಒಡೆಯುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ, ಮೊದಲು ಕೂಗಿಗೆ ವಾಲ್ಯೂಮ್ ಹೊಂದಿಸಿ, ಆಮೇಲೆ ಹಾಡನ್ನು ಆರಂಭದಿಂದ ಕೇಳಿ. ಘಟ್ಟದ ಕಡೆ ನೆಟ್‌ವರ್ಕ್ ಇಳಿದಾಗ ಸ್ಟ್ರೀಮಿಂಗ್ ಆಪ್ ತಾನಾಗಿ ಗುಣಮಟ್ಟ ಇಳಿಸುತ್ತದೆ, ಹಾಗಾಗಿ ಮೊದಲೇ ಡೌನ್‌ಲೋಡ್ ಮಾಡಿಕೊಂಡಿರಬೇಕು.

ಈಗ ‘ಗೆತ್ಸೆಮನೆ’. 1970ರ ಮುದ್ರಿಕೆಯಲ್ಲಿ ಅದು ಬಿ-ಫ್ಲ್ಯಾಟ್ ಮೈನರ್, ನಮ್ಮ ಲೆಕ್ಕದಲ್ಲಿ ಆರೂವರೆ ಮನೆ. ಎಲ್ಲರೂ ಕಾಯುವ ಆ ಕೂಗು ಜಿ5, ಸುಮಾರು 784 ಹರ್ಟ್ಸ್. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡಸಿಗೆ ಇದು ತಾರಸ್ಥಾಯಿಯನ್ನೂ ದಾಟಿ ಅತಿತಾರದ ಪಂಚಮ. ಎದೆಯ ದನಿಯಲ್ಲಿ ಅಲ್ಲಿಗೆ ಮುಟ್ಟುವುದಿಲ್ಲ. ಆದ್ದರಿಂದ ಕೇಳಬೇಕಾದದ್ದು ‘ಮುಟ್ಟಿದರೋ ಇಲ್ಲವೋ’ ಅಲ್ಲ, ಎದೆಯ ದನಿಯಿಂದ ತಲೆಯ ದನಿಗೆ ಎಲ್ಲಿ, ಹೇಗೆ ದಾಟಿದರು ಎಂಬುದು. ಡೀಪ್ ಪರ್ಪಲ್ ತಂಡದ ಗಿಲನ್ ಅದೇ ವರ್ಷ ತಮ್ಮ ತಂಡದಲ್ಲೂ ಇಂಥ ಕೂಗುಗಳನ್ನು ಹಾಡುತ್ತಿದ್ದರು. ಅವರದು ನಯವಾದ, ತೆಳುವಾದ ಏರಿಕೆ. ದಾಟುವ ಜಾಗದಲ್ಲಿ ಬಿರುಕು ಕಾಣುವುದಿಲ್ಲ. ನೀಲಿ ಅವರದರಲ್ಲಿ ಗರಗರಿಕೆ ಇದೆ, ದಾಟಿದ್ದು ಕೇಳಿಸುತ್ತದೆ, ಆ ಕೇಳಿಸುವಿಕೆಯೇ ನೋವಾಗುತ್ತದೆ. ನನಗೆ ಕೂಗಿನಲ್ಲಿ ಗಿಲನ್ ಇಷ್ಟ. ಕೂಗಿನ ನಂತರ ದಣಿದು, ಒಪ್ಪಿಕೊಂಡು ಇಳಿಯುವ ಕೊನೆಯ ಚರಣದಲ್ಲಿ ಮಾತ್ರ ನೀಲಿಗೆ ಸಮ ಯಾರೂ ಇಲ್ಲ. ಬಹಳ ಮಂದಿ ಕೂಗು ಮುಗಿದ ಕೂಡಲೇ ಹಾಡು ನಿಲ್ಲಿಸಿ ಅಂಕ ಕೊಡುತ್ತಾರೆ. ಅದು ಗಾಯಕನಿಗೆ ಮಾಡುವ ಅನ್ಯಾಯ. 1996ರ ಸ್ಟೀವ್ ಬಾಲ್ಸಾಮೊ ಅವರನ್ನೂ ಇದೇ ಅಳತೆಯಲ್ಲಿ, ಕೊನೆಯ ಸಾಲಿನವರೆಗೆ ಕೇಳಬೇಕು.

ಸಿನಿಮಾ ನೋಡುತ್ತ ಹೋಲಿಸುವವರಿಗೆ ಒಂದು ಮಾತು: ಅಲ್ಲಿನ ಹಾಡುಗಳು ಮೊದಲೇ ಮುದ್ರಣವಾದವು, ನಟರು ಇಸ್ರೇಲಿನ ಬಯಲಿನಲ್ಲಿ ತುಟಿ ಸೇರಿಸಿದ್ದಾರೆ. ಕತ್ತಿನ ನರ ಉಬ್ಬಿದ್ದು ಕಂಡು ಉಸಿರಿನ ಬಗ್ಗೆ ಬರೆಯಬಾರದು. ಪರದೆ ಆರಿಸಿ ಕೇಳಿ.

ಯೂದನಿಗೆ ‘ಹೆವನ್ ಆನ್ ದೇರ್ ಮೈಂಡ್ಸ್’ ಸಾಕು. ಡಿ ಮೈನರ್, ಎರಡು ಮನೆ. 1970ರ ಮುದ್ರಿಕೆಯ ಯೂದ ಮರ್ರಿ ಹೆಡ್ 1969ರಲ್ಲೇ ‘ಸೂಪರ್‌ಸ್ಟಾರ್’ ಹಾಡಿದ್ದವರು, ಅಂದರೆ ಈ ಇಡೀ ಕೃತಿಯಲ್ಲಿ ಮೊದಲು ಕೇಳಿಸಿದ ಕಂಠ ಅವರದು. ಅವರು ಮಾತಿಗೆ ಹತ್ತಿರದಲ್ಲಿ ಶುರುಮಾಡಿ, ಸಾಲು ಸಾಲಿಗೆ ಬಿಗಿಗೊಳಿಸುತ್ತ ಹೋಗುತ್ತಾರೆ. ಸ್ನೇಹಿತನಿಗೆ ಬುದ್ಧಿ ಹೇಳಲು ಬಂದವನ ಅಸಹನೆ ಅದು. ಸಿನಿಮಾದ ಕಾರ್ಲ್ ಆಂಡರ್ಸನ್ ಮೊದಲ ಸಾಲಿನಿಂದಲೇ ತುಂಬು ಎದೆಯಲ್ಲಿ ಹಾಡುತ್ತಾರೆ. ಸೋಲ್ ಸಂಗೀತದ ಬನಿ, ಸಾಲಿನ ಕೊನೆಯ ಸ್ವರವನ್ನು ಬಳುಕಿಸಿ ಬಿಡುವ ರೂಢಿ. ಕೊಪ್ಪ, ಶೃಂಗೇರಿಯ ಕಡೆ ಒಂದೇ ಪ್ರಸಂಗದ ಪದವನ್ನು ಇಬ್ಬರು ಭಾಗವತರ ಬಾಯಲ್ಲಿ ಕೇಳಿದವರಿಗೆ ಇದು ಹೊಸತಲ್ಲ: ಪದ ಅದೇ, ಪಾತ್ರದ ಮನಸ್ಸು ಬೇರೆ. ಸಾಲಿನ ಕೊನೆಯ ಅಕ್ಷರಗಳ ಮೇಲೆ ಕಿವಿ ಇಡಿ. ಹೆಡ್ ಕಡಿದು ಬಿಡುತ್ತಾರೆ, ಆಂಡರ್ಸನ್ ಎಳೆಯುತ್ತಾರೆ. 2018ರ ಬ್ರ್ಯಾಂಡನ್ ವಿಕ್ಟರ್ ಡಿಕ್ಸನ್ ನನ್ನ ಕಿವಿಗೆ ಆಂಡರ್ಸನ್ ದಾರಿಯವರು. ಅದೇ ಪ್ರದರ್ಶನದ ಯೇಸು ಜಾನ್ ಲೆಜೆಂಡ್ ಅವರದು ಮೆದು ದನಿ, ಹತ್ತಿರದ ಮೈಕಿಗೆ ಒಗ್ಗಿದ್ದು; ಗಿಲನ್ ಅಳತೆಯಲ್ಲಿ ತೂಗಿದರೆ ಅವರಲ್ಲಿ ಇರುವುದೂ ಕಾಣದೆ ಹೋಗುತ್ತದೆ.

ಲಯದ ಪರೀಕ್ಷೆಗೆ ಎರಡು ಹಾಡು. ‘ಎವ್ರಿಥಿಂಗ್ಸ್ ಆಲ್‌ರೈಟ್’ ಐದೆಣಿಕೆಯದು, ‘ದಿ ಟೆಂಪಲ್’ ಏಳೆಣಿಕೆಯದು. ಕರ್ನಾಟಕ ಸಂಗೀತದವರಿಗೆ ಎಣಿಕೆ ಸುಲಭ, ಆದರೆ ಖಂಡ ಚಾಪು, ಮಿಶ್ರ ಚಾಪುಗಳ ಒತ್ತನ್ನು ಇಲ್ಲಿ ಹೇರಬಾರದು. ಡ್ರಮ್ಮಿನ ಒತ್ತು ಎಲ್ಲಿ ಬೀಳುತ್ತದೋ ಅಲ್ಲಿಗೇ ಕೈ ಹಾಕಬೇಕು. ಮೊದಲನೆಯದರಲ್ಲಿ ಮರಿಯ ಲಾಲಿಯಂತೆ ಐದರ ಮೇಲೆ ತೇಲುತ್ತಿರುವಾಗ ಯೂದ ನುಗ್ಗಿ ಬರುತ್ತಾನೆ. ಅವನು ಎಣಿಕೆಗಿಂತ ಮುಂದೆ ಬೀಳುತ್ತಾನೋ ಹಿಂದೆ ಬೀಳುತ್ತಾನೋ ಎಂದು ಗುರುತು ಹಾಕಿ. ಕೋಪವನ್ನು ಗಟ್ಟಿದನಿಯಲ್ಲಿ ತೋರಿಸುವ ಗಾಯಕರು ಬಹಳ, ಕಾಲದಲ್ಲಿ ತೋರಿಸುವವರು ಕಡಿಮೆ.

ಈಚಿನ ಪ್ರದರ್ಶನಗಳ ವಿಡಿಯೊಗಳಲ್ಲಿ ಶ್ರುತಿ ತಿದ್ದುವ ತಂತ್ರಾಂಶದ ಕೈ ಇದೆಯೇ ಎಂದೂ ನೋಡಬೇಕು. ಗಮಕ ಕೇಳಿದ ಕಿವಿಗೆ ಇದು ಸಿಕ್ಕಿಬೀಳುತ್ತದೆ: ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಕಡೆ ಜಾರು ಇಲ್ಲದೆ ಮೆಟ್ಟಿಲು ಕೇಳುತ್ತದೆ. ಸೋನಿಕ್ ವಿಶುವಲೈಸರಿನಲ್ಲಿ ಶ್ರುತಿರೇಖೆ ತೆಗೆದು ನೋಡಬಹುದು, ಆದರೆ ಹಿಂದೆ ಗಿಟಾರಿದ್ದರೆ ರೇಖೆ ದಾರಿ ತಪ್ಪುತ್ತದೆ. ಮೊದಲು ಡೆಮ್ಯೂಕ್ಸ್‌ನಂಥ ಸಾಧನದಿಂದ ಕಂಠ ಬೇರ್ಪಡಿಸಿಕೊಳ್ಳಬೇಕು. ಬೇರ್ಪಡಿಸಿದ ಫೈಲನ್ನು ರೇಖೆಗೆ ಮಾತ್ರ ಬಳಸಿ, ಕೇಳಲು ಬೇಡ. ಅದು ಸ, ಶಗಳ ಅಂಚನ್ನೂ ಮಾರ್ದನಿಯ ಬಾಲವನ್ನೂ ತಿನ್ನುತ್ತದೆ, ಎತ್ತರದ ಕೂಗಿನ ಒಂದು ಪಾಲನ್ನು ಗಿಟಾರಿಗೆ ಸೇರಿಸಿಬಿಡುವುದೂ ಉಂಟು.

ಮಹಾಯಾಜಕ ಕಾಯಫನ ಪಾತ್ರಕ್ಕೆ ಇವೆಲ್ಲದರ ತಿರುಗುಮುರುಗು ಬೇಕು. ಅವನ ಪಾಲಿನ ಕೆಳಗಿನ ಸ್ವರ ಸಿ-ಶಾರ್ಪ್ 2, ಸುಮಾರು 69 ಹರ್ಟ್ಸ್. ಮೊಬೈಲಿನ ಸ್ಪೀಕರು ಅದನ್ನು ನುಡಿಸುವುದೇ ಇಲ್ಲ. ಮೇಲಿನ ಅನುಸ್ವರಗಳನ್ನು (ಓವರ್‌ಟೋನ್) ಕೇಳಿ ಕಿವಿ ಊಹಿಸಿಕೊಳ್ಳುತ್ತದೆ. 1970ರ ವಿಕ್ಟರ್ ಬ್ರಾಕ್ಸ್, ಸಿನಿಮಾದ ಬಾಬ್ ಬಿಂಗ್‌ಹ್ಯಾಮ್, 2018ರ ನಾರ್ಮ್ ಲೂಯಿಸ್ ಮೂವರನ್ನೂ ಹೆಡ್‌ಫೋನಿನಲ್ಲೇ ಕೇಳಿ. ತಳದ ಸ್ವರದಲ್ಲಿ ಪದ ಸ್ಪಷ್ಟವಾಗಿ ಉಳಿಯುತ್ತದೆಯೇ, ಬರೀ ಗುಡುಗಾಗುತ್ತದೆಯೇ ಎಂಬುದೊಂದನ್ನೇ ನೋಡಿ. ನನ್ನ ಮತ ಬಿಂಗ್‌ಹ್ಯಾಮ್ ಕಡೆಗೆ.