ಆಸ್ಪತ್ರೆ ಅಂಗಳಕ್ಕೆ ಮತ್ತೆ ನೆರಳು ತರುವುದು ಹೇಗೆ?

ಒಂದು ಏಪ್ರಿಲ್‌ನಲ್ಲಿ ಕಲಬುರಗಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವ್ವನ ಜೊತೆ ಒಂಬತ್ತು ದಿನ ಇದ್ದೆ. ವಾರ್ಡಿನ ಮುಂದೆ ಅಂಗಳ ಇತ್ತು. ಕಾರಂಜಿ ಒಣಗಿತ್ತು, ಸ್ಟೀಲ್ ಬೆಂಚು ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಜನರೆಲ್ಲ ಜನರೇಟರ್ ಕೋಣೆಯ ಹಿಂದಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದರು. ಇಂಥ ಅಂಗಳ ಸರಿಮಾಡುವವರು ಮೊದಲು ಆ ಬೇವಿನ ಕೆಳಗೆ ಹೋಗಿ ಕೂರಬೇಕು.

ಮೊದಲ ಕೆಲಸ, ನೋಡುವುದು. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಒಂಬತ್ತಕ್ಕೆ ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಮಲಗುತ್ತಾರೆ ಎಂದು ಸುಮ್ನೆ ಗುರುತು ಹಾಕಿಕೊಳ್ಳಿ. ನಕ್ಷೆ ಆಮೇಲೆ.

ಹಸಿರು ಕಂಡರೆ ರೋಗಿಗೆ ಏನು ಲಾಭ ಎಂದು ಆಡಳಿತದವರು ಕೇಳಿಯೇ ಕೇಳುತ್ತಾರೆ. 1984ರಲ್ಲಿ ಸಂಶೋಧಕ ರೋಜರ್ ಉಲ್ರಿಚ್ ಅವರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆ ನೋಡಿ ಬರೆದ ವರದಿಯನ್ನು ಮುಂದಿಡಿ. ಪಿತ್ತಕೋಶದ ಆಪರೇಷನ್ ಆದವರಲ್ಲಿ 23 ಮಂದಿಗೆ ಕಿಟಕಿಯಿಂದ ಮರ ಕಾಣುತ್ತಿತ್ತು, 23 ಮಂದಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋಗಿದ್ದರು. ಜೋರಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಗಿತ್ತು.

ಇನ್ನು ಅಗೆತ. ಇಲ್ಲೇ ಹುಷಾರಾಗಿರಬೇಕು. ಅಗೆದ ಧೂಳಿನಲ್ಲಿ ಆಸ್ಪರ್ಜಿಲಸ್ ಎಂಬ ಬೂಸ್ಟಿನ ಕಣಗಳಿರುತ್ತವೆ. ನಮಗೆ ಏನೂ ಆಗದಿರಬಹುದು, ಕ್ಯಾನ್ಸರ್‌ಗೆ ಕೀಮೋ ಪಡೆಯುತ್ತಿರುವವರ ಶ್ವಾಸಕೋಶಕ್ಕೆ ಅದು ಅಪಾಯ. ಹಾಗಾಗಿ ಸೋಂಕು ತಡೆ ಸಮಿತಿಗೆ ತಿಳಿಸದೆ ಗುದ್ದಲಿ ಎತ್ತಬೇಡಿ. ಆ ಬದಿಯ ಕಿಟಕಿ ಮುಚ್ಚಿಸಿ, ಸುತ್ತ ಪರದೆ ಕಟ್ಟಿ, ನೀರು ಚಿಮುಕಿಸುತ್ತಾ ಅಗೆಯಿರಿ.

ನೆಲಕ್ಕೆ ನಮ್ಮದೇ ಶಹಾಬಾದ್ ಪರ್ಸಿ ಇದೆಯಲ್ವಾ? ಅದು ಎದ್ದು ಡೊಂಕಾಗಿದ್ದರೆ ತಪ್ಪು ಕಲ್ಲಿನದಲ್ಲ, ಕೆಳಗಿನ ಎರೆಮಣ್ಣಿನದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಲ್ಲುಗಳಿಗೆ ನಂಬರ್ ಬರೆದು ಎತ್ತಿಡಿ. ಒಂದೂವರೆಯಿಂದ ಎರಡು ಅಡಿ ಎರೆಮಣ್ಣು ತೆಗೆದು ಮುರ್ರಂ (ಗರಸು ಮಣ್ಣು) ತುಂಬಿ, ಪದರ ಪದರವಾಗಿ ನೀರು ಹಾಕಿ ಕುಟ್ಟಿಸಿ. ಮೇಲೆ ಮರಳು, ಅದರ ಮೇಲೆ ಕಲ್ಲು. ಪಾಲಿಶ್ ಮಾಡಿದ ಮುಖ ಬೇಡ, ಒದ್ದೆಯಾದರೆ ಜಾರುತ್ತದೆ. ನೀರು ಹರಿಯಲು ಐದು ಅಡಿಗೆ ಒಂದು ಇಂಚು ಇಳಿಜಾರು ಸಾಕು. ಮೆಟ್ಟಿಲು ಇರುವಲ್ಲಿ ಪಕ್ಕದಲ್ಲೇ ರ‍್ಯಾಂಪ್ ಬೇಕು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಗೌಂಡಿಗಳು ಜಾಗ ಉಳಿಸಲು ಆರು ಅಡಿಗೇ ಮುಗಿಸಿಬಿಡುತ್ತಾರೆ. ಟೇಪು ಹಿಡಿದು ನಿಂತುಕೊಳ್ಳಿ. ಗಾಲಿಕುರ್ಚಿ ತಿರುಗಲು ದಾರಿ ಐದು ಅಡಿ ಅಗಲ ಇರಲಿ.

ಹಳೆಯ ಮರವಿದ್ದರೆ ಅದೇ ಆಸ್ತಿ. ಬುಡದವರೆಗೆ ಸುರಿದ ಸಿಮೆಂಟನ್ನು ಕಾಂಡದ ಸುತ್ತ ನಾಲ್ಕು ಅಡಿಯವರೆಗೆ ಒಡೆಸಿ, ಬೇರು ಉಸಿರಾಡಲಿ. ಕಟ್ಟೆ ಕಟ್ಟಿದರೂ ಕಾಂಡಕ್ಕೆ ಮಣ್ಣು ಏರಿಸಬೇಡಿ, ತೊಗಟೆ ಕೊಳೆಯುತ್ತದೆ. ಹೊಸದಾಗಿ ನೆಡುವುದಾದರೆ ಬೇವು, ಹೊಂಗೆ. ಗುಲ್‌ಮೊಹರ್ ಚೆಂದವೇ, ಆದರೆ ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಕಣಗಿಲೆ ಬೇಡವೇ ಬೇಡ, ಗಿಡವೆಲ್ಲ ವಿಷ. ಮಕ್ಕಳು ಓಡಾಡುವ ಜಾಗ ಇದು. ಘಮ್ಮೆನ್ನುವ ಹೂಗಳೂ ದೂರ ಇರಲಿ, ವಾಕರಿಕೆ ಇರುವವರಿಗೆ ಮಲ್ಲಿಗೆಯೂ ಹಿಂಸೆ.

ಮರ ಬೆಳೆಯುವವರೆಗೆ ಚಪ್ಪರ ಹಾಕಿ. ನಮ್ಮ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಗುಮ್ಮಟಗಳ ನೆರಳು. ಮೇ ತಿಂಗಳಲ್ಲಿ ಒಮ್ಮೆ ಒಳಗೆ ಹೋಗಿ ನಿಂತು ನೋಡಿ.

ಕಾರಂಜಿಯನ್ನು ನಾನಾದರೆ ಮುಚ್ಚಿಸುತ್ತೇನೆ. ನಿಂತ ನೀರಿಗೆ ಸೊಳ್ಳೆ, ಚಿಮ್ಮುವ ನೀರಲ್ಲಿ ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಇರುವ ಭಯ. ಅದೇ ಜಾಗಕ್ಕೆ ಅರವಟ್ಟಿಗೆ ಬರಲಿ. ಸ್ಟೀಲ್ ತೆಗೆದು ಹದಿನೆಂಟು ಇಂಚು ಎತ್ತರದ, ಕೈ ಊರಿ ಏಳಲು ಬರುವ ಮರದ ಬೆಂಚು ಹಾಕಿ. ನಡುವೆ ಅಗಲವಾದ ಕಟ್ಟೆಯೂ ಇರಲಿ, ಊಟಕ್ಕೆ ಕೂರಲು ಬೆಂಚು ಯಾರಿಗೂ ಒಗ್ಗುವುದಿಲ್ಲ.

ಸಸಿ ನೆಡುವುದು ಜೂನ್ ಮಳೆ ಬಿದ್ದ ಮೇಲೆ. ಮುಂದಿನ ಮೂರು ಬೇಸಿಗೆ ನೀರು ಹಾಕಬೇಕು. ಅಂಗಳದ ನಲ್ಲಿಯ ಕೀಲಿ ಯಾರ ಹತ್ತಿರ ಇರುತ್ತದೆ, ಭಾನುವಾರ ಅವರು ಬರುತ್ತಾರಾ ಎಂದು ಕೇಳಿಕೊಂಡೇ ಗುಂಡಿ ತೋಡಿಸಿ.