ಹೋಂಡಾಮ್ಯಾಟಿಕ್ 750: ಹಳೆಯ ಆಟೊಮ್ಯಾಟಿಕ್ ಬೈಕಿನ ವಿದ್ಯುತ್ ದೋಷ ಹುಡುಕುವ ಕ್ರಮ

ಹೋಂಡಾ ಕಂಪನಿ 1976ರಿಂದ 1978ರವರೆಗಿನ ಮಾದರಿಗಳಾಗಿ ಹೊರತಂದ ಸಿಬಿ 750 ಎ, ಅಂದರೆ ಹೋಂಡಾಮ್ಯಾಟಿಕ್ 750 ಬೈಕಿಗೆ ಕ್ಲಚ್ ಲಿವರ್ ಇಲ್ಲ. 736 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನಿನ ಶಕ್ತಿ, ಎಣ್ಣೆಯ ಹರಿವಿನಿಂದ ತಿರುಗುಬಲವನ್ನು ದಾಟಿಸುವ ಟಾರ್ಕ್ ಕನ್ವರ್ಟರ್ ಮೂಲಕ ಎರಡೇ ಗೇರುಗಳ ಪೆಟ್ಟಿಗೆಗೆ ಹೋಗುತ್ತದೆ. ಲೋ ಮತ್ತು ಡ್ರೈವ್ ಎಂಬ ಆ ಎರಡನ್ನು ಸವಾರನೇ ಕಾಲಿನಿಂದ ಬದಲಿಸಬೇಕು. ಈ ಗೇರುಪೆಟ್ಟಿಗೆ ಎಣ್ಣೆಯ ಒತ್ತಡದಿಂದ ನಡೆಯುವಂಥದ್ದು, ಅದರೊಳಗೆ ಯಾವ ಎಲೆಕ್ಟ್ರಾನಿಕ್ ನಿಯಂತ್ರಣವೂ ಇಲ್ಲ. ಆದ್ದರಿಂದ ಗೇರು ಹಿಡಿಯದಿದ್ದರೆ ಅಥವಾ ಜಾರಿದರೆ ವೈರಿಂಗ್ ಬಿಚ್ಚುವ ಮೊದಲು ಎಣ್ಣೆಯ ಮಟ್ಟ ನೋಡಬೇಕು.

ಈ ಬೈಕು ಮುಖ್ಯವಾಗಿ ಉತ್ತರ ಅಮೆರಿಕದ ಮಾರುಕಟ್ಟೆಗೆಂದು ಬಂದದ್ದು. ಅಲ್ಲಿ ನೆಲೆಸಿರುವ ಕನ್ನಡಿಗರು ಇಂಥದೊಂದನ್ನು ಹಳೆಯ ಗಾಡಿಗಳ ಮಾರುಕಟ್ಟೆಯಲ್ಲಿ ಕೊಂಡರೆ ಊರಿನ ಒಂದು ಅಭ್ಯಾಸವನ್ನು ಬಿಡಬೇಕಾಗುತ್ತದೆ. ಬ್ಯಾಟರಿ ಕೈಕೊಟ್ಟಾಗ ಬೈಕನ್ನು ತಳ್ಳಿ, ಎರಡನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡುವ ಉಪಾಯ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಹಿಂದಿನ ಚಕ್ರ ತಿರುಗಿದರೂ ಟಾರ್ಕ್ ಕನ್ವರ್ಟರ್ ಆ ತಿರುಗುವಿಕೆಯನ್ನು ನಿಂತಿರುವ ಎಂಜಿನ್ನಿಗೆ ಮುಟ್ಟಿಸುವುದಿಲ್ಲ. ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಇದರ ಆಲ್ಟರ್ನೇಟರಿನಲ್ಲಿ ಶಾಶ್ವತ ಅಯಸ್ಕಾಂತವೂ ಇಲ್ಲ. ಬ್ಯಾಟರಿಯಿಂದಲೇ ಫೀಲ್ಡ್ ಕಾಯಿಲ್‌ಗೆ ಕರೆಂಟ್ ಹರಿದು ಅದು ಅಯಸ್ಕಾಂತವಾದರೆ ಮಾತ್ರ ಚಾರ್ಜಿಂಗ್ ಆರಂಭವಾಗುತ್ತದೆ. ಹಾಗಾಗಿ ದೋಷ ಯಾವುದೇ ಆಗಿರಲಿ, ಹುಡುಕಾಟ ಬ್ಯಾಟರಿಯಿಂದಲೇ ಶುರುವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂದಾಜಿನ ಮೇಲೆ ಕಾಯಿಲ್, ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್, ಸ್ಟಾರ್ಟರ್ ಎಂದು ಒಂದೊಂದಾಗಿ ಹೊಸದು ತರಿಸುವವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಸಿಗುವುದೇ ಅಪರೂಪವಾದ ಮೂಲ ಬಿಡಿಭಾಗಗಳನ್ನೂ ಕಳೆದುಕೊಳ್ಳುತ್ತಾರೆ.

ಬೇಕಾದ ಸಲಕರಣೆ ಹೆಚ್ಚಿಲ್ಲ: ಒಂದು ಡಿಜಿಟಲ್ ಮಲ್ಟಿಮೀಟರ್, 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಕಾಂಟ್ಯಾಕ್ಟ್ ಕ್ಲೀನರ್, ಸಣ್ಣ ಬ್ರಷ್ ಮತ್ತು ನಿಮ್ಮ ಮಾದರಿಯ ವೈರಿಂಗ್ ನಕ್ಷೆ. ಹೋಂಡಾದ ಬಣ್ಣಗಳ ಕ್ರಮವನ್ನು ಕಲಿತುಕೊಂಡರೆ ಕೆಲಸ ಸುಲಭವಾಗುತ್ತದೆ. ಕೆಂಪು ತಂತಿ ಬ್ಯಾಟರಿಯ ಪ್ಲಸ್, ಕಪ್ಪು ತಂತಿ ಕೀಲಿ ತಿರುಗಿಸಿದ ಮೇಲೆ ಬರುವ ಕರೆಂಟು, ಹಸಿರು ಅರ್ಥ್, ಮೂರು ಹಳದಿ ತಂತಿಗಳು ಆಲ್ಟರ್ನೇಟರಿನವು, ಬಿಳಿಯದು ಫೀಲ್ಡ್ ಕಾಯಿಲಿನದು, ಕೆಂಪು ಗೆರೆಯ ತಿಳಿಹಸಿರು ತಂತಿ ನ್ಯೂಟ್ರಲ್ ಸ್ವಿಚ್ಚಿನದು.

ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿಯ ವೋಲ್ಟೇಜ್ 12.6ರ ಆಸುಪಾಸಿನಲ್ಲಿದ್ದರೆ ಅದು ಪೂರ್ತಿ ಚಾರ್ಜ್ ಆಗಿದೆ, 12.0ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಇದಿಷ್ಟೇ ನೋಡಿ ಬ್ಯಾಟರಿ ಸರಿಯಿದೆ ಎನ್ನಬಾರದು. ಸ್ಟಾರ್ಟರ್ ತಿರುಗುತ್ತಿರುವಾಗಲೇ ಬ್ಯಾಟರಿಯ ಎರಡು ತುದಿಗಳಿಗೆ ಮೀಟರ್ ಹಿಡಿಯಬೇಕು, ಆಗಲೂ 10 ವೋಲ್ಟಿನ ಹತ್ತಿರ ನಿಲ್ಲದ ಬ್ಯಾಟರಿಯನ್ನು ಚಾರ್ಜ್ ಮಾಡಿ ಮತ್ತೊಮ್ಮೆ ಪರೀಕ್ಷಿಸಿ, ಆಗಲೂ ಕುಸಿದರೆ ಬದಲಿಸಬೇಕು. ಕಾರಿನ ಬ್ಯಾಟರಿಯಿಂದ ಕರೆಂಟ್ ಪಡೆಯುವುದಾದರೆ ಕಾರಿನ ಎಂಜಿನ್ ಆಫ್ ಆಗಿರಲಿ.

ಬಟನ್ ಒತ್ತಿದರೂ ಸ್ಟಾರ್ಟರ್ ಅಲುಗದಿದ್ದರೆ ಕಿವಿಗೊಟ್ಟು ಕೇಳಿ. ‘ಟಕ್’ ಎಂಬ ಸದ್ದು ಬಂದರೆ ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ ಕೆಲಸ ಮಾಡುತ್ತಿದೆ, ಕರೆಂಟು ದಪ್ಪ ಕೇಬಲ್ಲುಗಳಲ್ಲಿ, ರಿಲೇಯ ಕಾಂಟ್ಯಾಕ್ಟುಗಳಲ್ಲಿ ಅಥವಾ ಮೋಟಾರಿನ ಕಾರ್ಬನ್ ಬ್ರಷ್‌ಗಳಲ್ಲಿ ನಷ್ಟವಾಗುತ್ತಿದೆ ಎಂದರ್ಥ. ಆಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು ಬಟನ್ ಒತ್ತಿದರೆ 0.3 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಕಂಡರೆ ಅರ್ಥ್ ಕೇಬಲ್ಲನ್ನು ಬಿಚ್ಚಿ, ಅದು ಕೂರುವ ಜಾಗವನ್ನು ಉಜ್ಜಿ ಹೊಳಪು ಬರಿಸಬೇಕು. ಚಾಸಿಗೆ ಹೊಸದಾಗಿ ಬಣ್ಣ ಅಥವಾ ಪೌಡರ್ ಕೋಟಿಂಗ್ ಮಾಡಿಸಿದ ಗಾಡಿಗಳಲ್ಲಿ ಈ ತೊಂದರೆ ಬಹಳ ಸಾಮಾನ್ಯ, ಏಕೆಂದರೆ ಬಣ್ಣದ ಪದರದ ಮೇಲೆ ಬಿಗಿದ ಅರ್ಥ್ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಸದ್ದೇ ಬರದಿದ್ದರೆ ಮೊದಲ ಅನುಮಾನ ನ್ಯೂಟ್ರಲ್ ಸ್ವಿಚ್ಚಿನ ಮೇಲೆ. ಗೇರಿನಲ್ಲಿ ಸ್ಟಾರ್ಟ್ ಆದರೆ ಗಾಡಿ ತಾನಾಗಿ ಮುಂದಕ್ಕೆ ಹೊರಟುಬಿಡುವ ಅಪಾಯವಿರುವುದರಿಂದ ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟರ್ ತಿರುಗುವಂತೆ ಹೋಂಡಾ ಏರ್ಪಾಡು ಮಾಡಿದೆ. ನ್ಯೂಟ್ರಲ್ ದೀಪ ಮಂಕಾಗಿ ಉರಿಯುತ್ತಿದ್ದರೆ ಅಥವಾ ಲಿವರನ್ನು ಕಾಲಿನಿಂದ ಸ್ವಲ್ಪ ಒತ್ತಿದಾಗ ಹತ್ತಿ ಆರುತ್ತಿದ್ದರೆ ಸ್ವಿಚ್ಚಿನ ಕಾಂಟ್ಯಾಕ್ಟಿನಲ್ಲಿ ಕೊಳೆ ಸೇರಿದೆ, ಇಲ್ಲವೇ ತಂತಿಯ ತುದಿ ಸಡಿಲವಾಗಿದೆ. ಖಚಿತಪಡಿಸಿಕೊಳ್ಳಲು ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರುವುದನ್ನು ನೋಡಿಕೊಂಡು, ಆ ತಿಳಿಹಸಿರು ತಂತಿಯನ್ನು ಕ್ಷಣಕಾಲ ಅರ್ಥ್‌ಗೆ ಮುಟ್ಟಿಸಿ ಬಟನ್ ಒತ್ತಿ. ಈಗ ಸ್ಟಾರ್ಟರ್ ತಿರುಗಿದರೆ ದೋಷ ಸಿಕ್ಕಿತು. ಆದರೆ ಆ ತಂತಿಯನ್ನು ಹಾಗೆಯೇ ಅರ್ಥ್‌ಗೆ ಕಟ್ಟಿ ಓಡಾಡುವುದು ಬೇಡವೇ ಬೇಡ. ಬೇರೆಯವರು ತಿಳಿಯದೆ ಡ್ರೈವ್‌ನಲ್ಲಿ ಬಟನ್ ಒತ್ತಿದರೆ ಗಾಡಿ ಅವರನ್ನು ಎಳೆದುಕೊಂಡು ಹೋಗುತ್ತದೆ.

ಚಾರ್ಜಿಂಗ್ ವಿಷಯಕ್ಕೆ ಹೆಚ್ಚು ತಾಳ್ಮೆ ಬೇಕು. ಎಂಜಿನ್ ಬಿಸಿಯಾದ ಮೇಲೆ, ಗೇರು ನ್ಯೂಟ್ರಲ್‌ನಲ್ಲಿದ್ದಾಗ ವೇಗವನ್ನು ನಿಧಾನವಾಗಿ ಏರಿಸುತ್ತ ಹೋದರೆ ಬ್ಯಾಟರಿಯ ವೋಲ್ಟೇಜ್ ಸುಮಾರು 14ರಿಂದ 14.5ರವರೆಗೆ ಏರಿ ಅಲ್ಲಿಯೇ ನಿಲ್ಲಬೇಕು. ಐಡ್ಲಿಂಗ್‌ನಲ್ಲಿ ಅಷ್ಟು ಬಾರದಿರುವುದು ದೋಷವಲ್ಲ. ಸಿಗ್ನಲ್ಲುಗಳಲ್ಲಿ ಹೆಡ್‌ಲೈಟ್ ಮತ್ತು ಬ್ರೇಕ್ ಲೈಟ್ ಉರಿಸಿಕೊಂಡು ನಿಲ್ಲುವ ನಗರದ ಓಡಾಟದಲ್ಲಿ ಈ ಬೈಕು ಗಳಿಸುವುದಕ್ಕಿಂತ ಹೆಚ್ಚು ಖರ್ಚು ಮಾಡುತ್ತದೆ. ವೇಗ ಏರಿಸಿದರೂ ವೋಲ್ಟೇಜ್ ಏರದಿದ್ದರೆ ಎಂಜಿನ್ ನಿಲ್ಲಿಸಿ, ಕೀಲಿ ಮಾತ್ರ ಆನ್ ಮಾಡಿ, ಆಲ್ಟರ್ನೇಟರ್ ಕವರಿನ ಬೋಲ್ಟುಗಳ ಬಳಿ ಒಂದು ಸ್ಕ್ರೂಡ್ರೈವರಿನ ತುದಿ ಹಿಡಿಯಿರಿ. ಫೀಲ್ಡ್ ಕಾಯಿಲಿಗೆ ಕರೆಂಟ್ ಬರುತ್ತಿದ್ದರೆ ಉಕ್ಕಿನ ಆ ತುದಿಯನ್ನು ಕವರು ಎಳೆದುಕೊಳ್ಳುವುದು ಕೈಗೇ ತಿಳಿಯುತ್ತದೆ.

ಎಳೆತ ಇಲ್ಲದಿದ್ದರೆ ಬಿಳಿಯ ತಂತಿಯನ್ನು ರೆಗ್ಯುಲೇಟರಿನಿಂದ ಬಿಡಿಸಿ, ಕಾಯಿಲಿನ ಕಡೆಯ ತುದಿಗೂ ಅರ್ಥ್‌ಗೂ ನಡುವೆ ಓಮ್ ಅಳೆಯಿರಿ. ಕೆಲವು ಓಮ್ ಬಂದರೆ ಕಾಯಿಲ್ ಜೀವಂತ, ಏನೂ ಬಾರದಿದ್ದರೆ ಒಳಗೆ ಕಡಿದಿದೆ. ಕಾಯಿಲ್ ಸರಿಯಿದ್ದರೆ ಅದೇ ತುದಿಗೆ ಬ್ಯಾಟರಿಯ 12 ವೋಲ್ಟನ್ನು ಫ್ಯೂಸ್ ಇರುವ ತಂತಿಯಿಂದ ನೇರವಾಗಿ ಕೊಟ್ಟು ಸ್ವಲ್ಪ ಹೊತ್ತು ಮಾತ್ರ ಎಂಜಿನ್ ಓಡಿಸಿ. ವೋಲ್ಟೇಜ್ ಚುರುಕಾಗಿ ಏರಿದರೆ ರೆಗ್ಯುಲೇಟರ್ ಅಥವಾ ಅದಕ್ಕೆ ಬರುವ ಕಪ್ಪು ತಂತಿಯಲ್ಲಿ ದೋಷವಿದೆ. ಏರದಿದ್ದರೆ ಮೂರು ಹಳದಿ ತಂತಿಗಳನ್ನು ಜೋಡಿಜೋಡಿಯಾಗಿ ಅಳೆಯಬೇಕು; ಮೂರೂ ಜೋಡಿಗಳಲ್ಲಿ ಒಂದೇ ಸಣ್ಣ ಮೌಲ್ಯ ಬರಬೇಕು, ಯಾವುದಕ್ಕೂ ಅರ್ಥ್ ಜೊತೆ ಸಂಪರ್ಕ ಇರಬಾರದು. ಅದೂ ಸರಿಯಿದ್ದರೆ ಉಳಿದದ್ದು, ಆಲ್ಟರ್ನೇಟರಿನ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿಯಾಗಿಸುವ ರೆಕ್ಟಿಫೈಯರಿನ ಆರು ಡಯೋಡುಗಳು. ಅವು ಒಂದೇ ದಿಕ್ಕಿನಲ್ಲಿ ಕರೆಂಟ್ ಬಿಡಬೇಕು. ಪರೀಕ್ಷೆಯ ಯಾವ ಹಂತದಲ್ಲೂ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ತೆಗೆಯಬೇಡಿ.

ಇಷ್ಟೆಲ್ಲ ಬಿಚ್ಚುವ ಮೊದಲು ಆಲ್ಟರ್ನೇಟರಿನ ತಂತಿಗಳು ಸೇರುವ ಪ್ಲಾಸ್ಟಿಕ್ ಕನೆಕ್ಟರನ್ನು ಕೈಯಲ್ಲಿ ಹಿಡಿದು ನೋಡಿ. ಬಿಳಿಯ ಪ್ಲಾಸ್ಟಿಕ್ಕು ಒಂದು ಪಿನ್ನಿನ ಸುತ್ತ ಕಂದಾಗಿ, ಗರಿಗರಿಯಾಗಿ, ಕೆಲವೊಮ್ಮೆ ಕರಗಿ ಅಂಟಿಕೊಂಡಿರುತ್ತದೆ. ಸಡಿಲ ಪಿನ್ನು ಬಿಸಿಯಾಗುತ್ತದೆ, ಬಿಸಿಗೆ ಕಿಲುಬು ಹೆಚ್ಚುತ್ತದೆ, ಕಿಲುಬಿಗೆ ಬಿಸಿ ಇನ್ನೂ ಹೆಚ್ಚುತ್ತದೆ. ಗಾಜಿನ ಫ್ಯೂಸುಗಳನ್ನು ಹಿಡಿಯುವ ಕ್ಲಿಪ್ಪುಗಳದೂ ಇದೇ ಸ್ಥಿತಿ: ಫ್ಯೂಸ್ ಚೆನ್ನಾಗಿಯೇ ಕಾಣುತ್ತದೆ, ಆದರೆ ಕ್ಲಿಪ್ಪಿನ ಬಿಗಿ ಹೋಗಿ ಗುಂಡಿ ಬಿದ್ದ ರಸ್ತೆಯಲ್ಲಿ ಇಡೀ ಗಾಡಿಯ ಕರೆಂಟ್ ಹೋಗಿ ಬರುತ್ತದೆ. ಕ್ಲಿಪ್ಪನ್ನು ಉಜ್ಜಿ, ನಯವಾಗಿ ಬಗ್ಗಿಸಿ ಬಿಗಿ ಮಾಡಿ, ಅದೇ ಆಂಪಿಯರಿನ ಹೊಸ ಫ್ಯೂಸ್ ಹಾಕಬೇಕು.

ಇಗ್ನಿಷನ್ನಿನಲ್ಲಿ, ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ವ್ಯವಸ್ಥೆಯಲ್ಲಿ, ಕರೆಂಟನ್ನು ಕೂಡಿಸಿ ಬಿಡಿಸುವ ಎರಡು ಜೊತೆ ಪಾಯಿಂಟ್, ಎರಡು ಇಗ್ನಿಷನ್ ಕಾಯಿಲ್ ಇವೆ. ಒಂದು ಕಾಯಿಲ್ 1 ಮತ್ತು 4ನೇ ಸಿಲಿಂಡರಿಗೆ, ಇನ್ನೊಂದು 2 ಮತ್ತು 3ಕ್ಕೆ ಕಿಡಿ ಕೊಡುತ್ತದೆ. ಒಂದು ಜೋಡಿ ಪೂರ್ತಿ ಸತ್ತರೆ ಆ ಜೋಡಿಯ ಪಾಯಿಂಟ್, ಪಾಯಿಂಟ್ ಸುಡದಂತೆ ತಡೆಯುವ ಕಂಡೆನ್ಸರ್ ಅಥವಾ ಕಾಯಿಲಿನಲ್ಲಿ ದೋಷವಿದೆ. ಒಂದೇ ಸಿಲಿಂಡರ್ ಸತ್ತರೆ ಪ್ಲಗ್, ಕ್ಯಾಪ್ ಅಥವಾ ಅದರ ವೈರಿನಲ್ಲಿ. ಪಾಯಿಂಟ್ ಅಂತರ 0.3ರಿಂದ 0.4 ಮಿಲಿಮೀಟರ್. ನಾಲ್ಕೂ ದುರ್ಬಲವಾಗಿದ್ದರೆ ಪಾಯಿಂಟ್ ಮುಚ್ಚಿರುವಾಗ ಕಾಯಿಲಿಗೆ ಬರುವ, ಬಿಳಿ ಗೆರೆಯ ಕಪ್ಪು ತಂತಿಯಲ್ಲಿ ವೋಲ್ಟೇಜ್ ಅಳೆದು ಬ್ಯಾಟರಿಯ ವೋಲ್ಟೇಜಿನೊಂದಿಗೆ ಹೋಲಿಸಿ. ನಡುವೆ ಒಂದು ವೋಲ್ಟಿಗಿಂತ ಹೆಚ್ಚು ನಷ್ಟವಾಗಿದ್ದರೆ ಕೀಲಿಯ ಸ್ವಿಚ್ಚು, ಕಿಲ್ ಸ್ವಿಚ್ಚು ಮತ್ತು ಹೆಡ್‌ಲೈಟ್ ಬಟ್ಟಲಿನೊಳಗಿನ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ ಶುಚಿ ಮಾಡಬೇಕು. ಸ್ಟಾರ್ಟ್ ಬಟನ್ ಒತ್ತಿದಾಗ ಹೆಡ್‌ಲೈಟ್ ಆರುವ ಏರ್ಪಾಡಿರುವ ಗಾಡಿಯಲ್ಲಿ ಬಲ್ಬ್ ಸರಿಯಿದ್ದೂ ಹೆಡ್‌ಲೈಟ್ ಹತ್ತದಿದ್ದರೆ ಆ ಬಟನ್ನಿನ ಕಾಂಟ್ಯಾಕ್ಟುಗಳನ್ನೂ ನೋಡಿ.

ಹೋಂಡಾದ್ದೇ ಆದ 400 ಮತ್ತು 450 ಸಿಸಿಯ ಎರಡು ಸಿಲಿಂಡರ್ ಹೋಂಡಾಮ್ಯಾಟಿಕ್‌ಗಳಲ್ಲಿ ಪಾಯಿಂಟ್ ಬದಲು ಸಿಡಿಐ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ನೂ ಶಾಶ್ವತ ಅಯಸ್ಕಾಂತದ ಆಲ್ಟರ್ನೇಟರೂ ಇರುವುದರಿಂದ, ಮೇಲೆ ಹೇಳಿದ ಫೀಲ್ಡ್ ಕಾಯಿಲ್ ಮತ್ತು ಪಾಯಿಂಟ್ ಪರೀಕ್ಷೆಗಳನ್ನು ಅವುಗಳ ಮೇಲೆ ಮಾಡಬಾರದು. ಬ್ಯಾಟರಿ, ಅರ್ಥ್, ನ್ಯೂಟ್ರಲ್ ಸ್ವಿಚ್ ಮತ್ತು ಕನೆಕ್ಟರುಗಳ ಪರೀಕ್ಷೆ ಅಲ್ಲಿಗೂ ಅನ್ವಯಿಸುತ್ತದೆ.