ಮುಂದಕ್ಕೆ ಹಾಕಿದ ಮೀಟಿಂಗು ಸೋಮವಾರಕ್ಕೇ ಬಂತು

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೊದಲು ಕನ್ನಡದಲ್ಲಿ ವಾಕ್ಯ ಕಟ್ಟಿಕೊಂಡು, ಆಮೇಲೆ ಅದಕ್ಕೆ ಇಂಗ್ಲಿಷ್ ಪದ ಹುಡುಕಿ ಮೇಲ್ ಬರೆಯುತ್ತಿದ್ದೆ. ಒಂದು ಸಲ ಬುಧವಾರದ ಮೀಟಿಂಗಿಗೆ ನಮ್ಮ ರಿಪೋರ್ಟು ಮುಗಿಯುವ ಹಾಗಿರಲಿಲ್ಲ. 'ಎರಡು ದಿನ ಮುಂದಕ್ಕೆ ಹಾಕೋಣ' ಅಂದುಕೊಂಡು, ಲಂಡನ್ನಿನ ಕ್ಲೈಂಟಿಗೆ 'ಕ್ಯಾನ್ ವಿ ಪುಟ್ ದ ಮೀಟಿಂಗ್ ಫಾರ್ವರ್ಡ್ ಬೈ ಟೂ ಡೇಸ್?' ಎಂದು ಶುಕ್ರವಾರ ಸಂಜೆ ಕಳಿಸಿದೆ. 'ಶೂರ್, ಮಂಡೇ ಇಟ್ ಈಸ್' ಎಂದು ಉತ್ತರ ಬಂತು. ಆ ಶನಿವಾರ, ಭಾನುವಾರ ಎರಡೂ ಆಫೀಸಿನಲ್ಲೇ ಕಳೆದವು.

ಬ್ರಿಟಿಷರಿಗೆ ಪುಟ್ ಫಾರ್ವರ್ಡ್ ಅಂದರೆ ಬೇಗ ಇಟ್ಟುಕೊಳ್ಳುವುದು, ಪುಟ್ ಬ್ಯಾಕ್ ಅಂದರೆ ತಡ ಮಾಡುವುದು. ನಮ್ಮಲ್ಲಿ ಮದುವೆ ಮುಂದಕ್ಕೆ ಹೋಯಿತು ಅಂದರೆ ಆಷಾಢ ಕಳೆದು ಶ್ರಾವಣಕ್ಕೆ ಹೋಯಿತು ಅಂತ. ನಮ್ಮ 'ಮುಂದೆ'ಯೇ ಅವರ 'ಬ್ಯಾಕ್'! ಇದನ್ನು ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಆಗ ನಾನು ಗಟ್ಟಿಯಾಗಿ ಹಿಡಿದುಕೊಂಡದ್ದು ಪುಟ್ ಆಫ್, ಅಂದರೆ ಮುಂದೂಡು. ಅದರಲ್ಲಿ ಹಿಂದೂ ಇಲ್ಲ, ಮುಂದೂ ಇಲ್ಲ. 'ಆಫ್' ಅಂದರೆ ಆಚೆ, ಅಷ್ಟೆ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ದೇವರು ಮೋಶೆಗೆ ಕಾಲಿನ ಕೆರ ಕಳಚು ಎನ್ನುವಲ್ಲಿ ಇದೇ ಪುಟ್ ಆಫ್ ಇದೆ. ಕೆರ ಕಳಚಿ ಆಚೆ ಇಡುವುದು, ಕೆಲಸವನ್ನು ಆಚೆಗೆ ತಳ್ಳುವುದು. ಈ ಚಿತ್ರ ಕೂತ ಮೇಲೆ ಉಳಿದ ಅರ್ಥಗಳು ತಾವಾಗಿ ಹತ್ತಿರ ಬಂದವು.

'ದ ಸ್ಮೆಲ್ ಪುಟ್ ಮಿ ಆಫ್ ಮೈ ಲಂಚ್' ಎಂದು ಸಹೋದ್ಯೋಗಿಯೊಬ್ಬರು ಅಂದಾಗ ಊಟ ತಡವಾಯಿತೇನೋ ಅಂದುಕೊಂಡಿದ್ದೆ. ಅವರು ಹೇಳಿದ್ದು, ಆ ವಾಸನೆಗೆ ಊಟವೇ ಸೇರಲಿಲ್ಲ ಅಂತ. ಬೆಲೆ ಕೇಳಿ ಗಿರಾಕಿ ಹಿಂಜರಿದರೂ ಪುಟ್ ಆಫ್, ಗಾಡಿ ಓಡಿಸುವವನ ಗಮನ ಕೆಡಿಸಿದರೂ ಪುಟ್ ಆಫ್. ಆಚೆ ಹೋಗುವುದು ತಾರೀಖಾದರೆ ಮುಂದೂಡಿಕೆ, ಮನುಷ್ಯನ ಮನಸ್ಸಾದರೆ ಬೇಸರವೋ ಅಡ್ಡಿಯೋ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಿಘಂಟಿನ 'ಮುಂದೂಡು' ಒಂದನ್ನೇ ಬಾಯಿಪಾಠ ಮಾಡಿದ್ದು ನನ್ನ ದಡ್ಡತನ.

ವ್ಯಾಕರಣದಲ್ಲಿ ನಾನು ಎಡವಿದ್ದು ಎರಡು ಕಡೆ. 'ಪುಟ್ ಆಫ್ ಟು ಗೋ' ಅನ್ನುತ್ತಿದ್ದೆ. ಆಗಬೇಕಾದ್ದು 'ಪುಟ್ ಆಫ್ ಗೋಯಿಂಗ್'. 'ಇಟ್' ಬಂದರೆ ನಡುವೆ ಕೂರಬೇಕು: 'ಪುಟ್ ಇಟ್ ಆಫ್'. 'ಪುಟ್ ಆಫ್ ಇಟ್' ತಪ್ಪು. ಇನ್ನು ಕಾಲ್ ಆಫ್ ಅಂದರೆ ರದ್ದು. ಅದನ್ನು ಇದರ ಜೊತೆ ಬೆರೆಸಿದರೆ ಮೀಟಿಂಗಿಗೆ ಯಾರೂ ಬರುವುದಿಲ್ಲ.

ಈಗ ಪುಟ್ ಆಫ್ ಎಂದು ಬರೆದರೂ ಪಕ್ಕದಲ್ಲೇ ವಾರ, ತಾರೀಖು ಎರಡನ್ನೂ ಹಾಕಿಯೇ ಮೇಲ್ ಕಳಿಸುತ್ತೇನೆ.